ಪಾಡ್ಯದ ದಿನ ಹರಿದ ಪಾವತಿ

ಮೊನ್ನೆ ಮುಂಜಾನೆ ಚಹಾ ಕುಡಿಯುತ್ತ ಕೂತಿದ್ದೆ. ಮೊಬೈಲು ಟಿಣ್ ಎಂದಿತು. ತೆಗೆದು ನೋಡಿದರೆ ಸರಕಾರ ನನಗೊಂದು ಫೋಟೊ ಕಳಿಸಿದೆ! ವಿಶ್ರಾಮಬಾಗದ ಸಿಗ್ನಲ್ಲಿನಲ್ಲಿ ಬಿಳಿ ಗೆರೆಯನ್ನು ಗೇಣುದ್ದ ದಾಟಿ ನಿಂತ ಸ್ಕೂಟರು, ಅದರ ಮೇಲೆ ನೆಟ್ಟಗೆ ಕೂತ ನಾನು, ಕಾಲ ಹತ್ತಿರ ಮೆಂತ್ಯದ ಸೊಪ್ಪು ಇಣುಕುವ ಚೀಲ. ಕೆಳಗೆ ದಂಡದ ವಿವರ. ನನ್ನ ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಅವ್ವಾ, ಆಧಾರ ಕಾರ್ಡಿನ ಫೋಟೊಕ್ಕಿಂತ ಇದ ಛಲೋ ಬಂದೈತಿ ನೋಡು. ಫ್ರೇಮ್ ಹಾಕ್ಸೂಣು" ಎಂದಳು. ಮುಖವೆಲ್ಲ ಹೆಲ್ಮೆಟ್ಟಿನೊಳಗೆ ಮುಚ್ಚಿಹೋಗಿತ್ತು, ಅದಕ್ಕೇ ಛಲೋ ಬಂದಿರಬೇಕು.

ನನಗೆ ದಂಡದ ಬೇಸರವಿಲ್ಲ, ತಪ್ಪು ನನ್ನದೇ. ಬೇಸರ ಆದದ್ದು ಬೇರೆ. ಇದೆಂಥ ದಂಡ ಹೇಳಿ! ಸೀಟಿ ಇಲ್ಲ, ಓಡಿಬರುವ ಹವಾಲ್ದಾರನಿಲ್ಲ, ಸುತ್ತ ನೆರೆಯುವ ಮಂದಿ ಇಲ್ಲ, "ಬಿಡ್ರಿ ಸಾಹೇಬ್ರ, ಹೆಣ್ಮಕ್ಕಳದಾರ" ಎಂದು ನಡುವೆ ಬಾಯಿ ಹಾಕುವ ಪಾನ್ ಅಂಗಡಿಯವನಿಲ್ಲ. ಕಂಬದ ಮೇಲಿನ ಒಂದು ಕಣ್ಣು ನೋಡಿತಂತೆ, ಫೋಟೊ ಹೊಡೆಯಿತಂತೆ. ವಾದ ಮಾಡೋಣವೆಂದರೆ ಯಾರ ಜೊತೆ ಮಾಡಬೇಕು? ಕಂಬದ ಜೊತೆಗೇ?

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಸಾಂಗಲಿ ಮಿರಜ ಕಡೆ ದಂಡದ ರಸೀದಿಗೆ ಪಾವತಿ ಎನ್ನುತ್ತೇವೆ. ಪೋಲೀಸರು ಪಾವತಿ ಬರೆಯುತ್ತಾರೆ ಅಂತ ಯಾರೂ ಹೇಳುವುದಿಲ್ಲ, ಹರಿಯುತ್ತಾರೆ ಅನ್ನುತ್ತೇವೆ. "ಏನಪಾ, ಮಾರಿ ಸಣ್ಣದು ಮಾಡ್ಕೊಂಡಿ?" "ಪಾವತಿ ಹರದ್ರು ಮಾರಾಯಾ." ಇಷ್ಟೇ ಮಾತು, ಎಲ್ಲ ತಿಳಿಯುತ್ತದೆ. ಆ ಪುಸ್ತಕದಿಂದ ಹಾಳೆ ಹರಿಯುವಾಗ ಬರುತ್ತಿದ್ದ ಚರ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಮನೆಯಲ್ಲಿ ಆ ಸದ್ದಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವರು ನಮ್ಮ ಅಜ್ಜ.

ಅಜ್ಜನ ಹರೆಯದಲ್ಲಿ ಪಾವತಿ ಎಂಬುದು ಅಪರೂಪದ ವಸ್ತು. ಸೈಕಲ್ಲಿಗೆ ಸಂಜೆ ದೀಪ ಇರಬೇಕು, ಒಂದು ಸೈಕಲ್ಲಿನ ಮೇಲೆ ಒಬ್ಬರೇ ಕೂರಬೇಕು ಎಂಬ ಕಾಯ್ದೆ ಇದ್ದ ಕಾಲ. ಡಬಲ್ ಸೀಟು ಸಿಕ್ಕರೆ ಪೋಲೀಸನು ಮಾತೇ ಆಡುತ್ತಿರಲಿಲ್ಲವಂತೆ. ಬಗ್ಗಿ ಎರಡೂ ಗಾಲಿಯ ವಾಲ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಸುಮ್ಮನೆ ನಡೆದುಬಿಡುತ್ತಿದ್ದನಂತೆ. ಹೊಸದಾಗಿ ಮದುವೆಯಾದ ಅಜ್ಜ ನಮ್ಮ ಆಯಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಮಿರಜದ ಪೇಟೆಯಲ್ಲಿ ಠೀವಿಯಿಂದ ಹೊರಟಾಗ ಹೀಗೇ ಆಯಿತು. ಗಾಳಿ ಹೋದ ಸೈಕಲ್ಲನ್ನು ಅಜ್ಜ ತಳ್ಳುತ್ತ, ಹಿಂದೆ ಹಸಿರು ಸೀರೆಯ ಆಯಿ ನಡೆಯುತ್ತ, ಎರಡೂ ಬದಿಯ ಅಂಗಡಿಯವರು "ಏನ್ರೀ, ಮೆರವಣಿಗಿ ಎಲ್ಲೀತನಕ?" ಎಂದು ಕೇಳುತ್ತ, ಮನೆ ಮುಟ್ಟುವ ಹೊತ್ತಿಗೆ ಅಜ್ಜನ ಮರ್ಯಾದೆಯ ಗಾಳಿಯೂ ಇಳಿದಿತ್ತು. ಆಯಿ ಮಾತ್ರ ತೀರಿಕೊಳ್ಳುವವರೆಗೂ ಈ ಕತೆಯನ್ನು ನಗುನಗುತ್ತ ಹೇಳುತ್ತಿದ್ದರು. ಅಜ್ಜ ಪ್ರತಿ ಸಲವೂ ಎದ್ದು ಹೊರಗೆ ಹೋಗುತ್ತಿದ್ದರು.

ಇಂಥ ಅಜ್ಜನ ಮನೆಗೆ ಸ್ಕೂಟರು ಬಂದದ್ದು ಹೇಗೆ ಎಂಬುದನ್ನು ಹೇಳಬೇಕು. ನಮ್ಮದು ಜೈನರ ಮನೆ, ಹೊಲ ಹತ್ತಿರದ ಬೇಡಗ ಎಂಬ ಹಳ್ಳಿಯಲ್ಲಿ. ಅಪ್ಪ ಅವ್ವ ಅಲ್ಲಿಯೇ ಇದ್ದರು. ನಾನು ಕಾಲೇಜಿಗೆಂದು ಮಿರಜದಲ್ಲಿ ಅಜ್ಜನ ಹತ್ತಿರ ಇದ್ದೆ. ಆ ಮನೆಯಲ್ಲಿ ಅಜ್ಜ, ಅರಿಷಿಣದ ದಲಾಲಿ ಮಾಡುತ್ತ ಹಗಲೆಲ್ಲ ಹೊರಗಿರುವ ಕಾಕಾ, ಮತ್ತು ಮನೆಯನ್ನು ನಿಜವಾಗಿ ನಡೆಸುತ್ತಿದ್ದ ಅವರ ಹೆಂಡತಿ ತ್ರಿಶಲಾ ಕಾಕು. ಕಾಕುವಿನ ಕೈಯಲ್ಲಿ ಹೊಲಿಗೆಯ ಜಾದೂ ಇತ್ತು. ಅವಳು ಕತ್ತರಿಸಿದ ಬ್ಲೌಸು ತೊಟ್ಟವರು ಬೇರೆ ದರ್ಜಿಯ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ತೊಂಬತ್ತರ ದಶಕ ಅದು. ಎಲ್ಲವೂ ಒಮ್ಮೆಲೇ ತೆರೆದುಕೊಳ್ಳುತ್ತಿದ್ದ ಕಾಲ. ಸಾಂಗಲಿ ಮಿರಜದ ನಡುವಿನ ವಿಶ್ರಾಮಬಾಗದ ಖಾಲಿ ಜಾಗದಲ್ಲಿ ಬ್ಯಾಂಕಿನವರ, ಪ್ರೊಫೆಸರರ ಬಂಗಲೆಗಳು ಏಳುತ್ತಿದ್ದವು. ಮೂಲೆಮೂಲೆಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಮನೆಮನೆಗೆ ಕೇಬಲ್ಲು. ಕೇಬಲ್ಲಿನಲ್ಲಿ ಕಂಡ ಬ್ಲೌಸು ಮರುದಿನವೇ ವಿಶ್ರಾಮಬಾಗದ ಹೆಂಗಸರಿಗೆ ಬೇಕು. ಅಲ್ಲಿಯ ಒಬ್ಬರ ಗ್ಯಾರೇಜಿನಲ್ಲಿ ಕಾಕು ಹೊಲಿಗೆ ಕ್ಲಾಸು ಶುರು ಮಾಡಿದಳು. ಮಧ್ಯಾಹ್ನ ಅಲ್ಲಿ ಕಾಲಿಟ್ಟರೆ ಹತ್ತಾರು ಹೆಂಗಸರ ನಗು, ಹೊಲಿಗೆ ಯಂತ್ರಗಳ ಗರಗರ, ನಡುವೆ ಕೊರಳಿಗೆ ಟೇಪು ಹಾಕಿಕೊಂಡ ಕಾಕು. ಮನೆಯಲ್ಲಿ ಸೆರಗು ಹೊದ್ದು ಮೆಲ್ಲಗೆ ಮಾತಾಡುವ ಹೆಣ್ಣು ಇವಳೇನಾ ಎಂದು ನಾನು ಬೆರಗಾಗುತ್ತಿದ್ದೆ. ಅವಳ ಮುಖದಲ್ಲಿ ಅಂಥ ಕಳೆ ನಾನು ಬೇರೆ ಎಲ್ಲಿಯೂ ಕಂಡಿಲ್ಲ.

ತೊಡಕು ಬಂದದ್ದು ಬಸ್ಸಿನಿಂದ. ಅಜ್ಜ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಒಂದು ಸಂಜೆ ಬಸ್ಸು ಕೆಟ್ಟು ನಿಂತು, ತುಂಬಿ ತುಳುಕುವ ವಡಾಪ್ ಎಂಬ ಖಾಸಗಿ ಬಾಡಿಗೆ ಜೀಪಿನಲ್ಲಿ ನೇತಾಡುತ್ತ ಕಾಕು ಮನೆ ಸೇರುವಾಗ ಸೂರ್ಯ ಕಂತಿದ್ದ. ಅಜ್ಜ ಏನೂ ಅನ್ನದೆ ಉಪವಾಸ ಮಲಗಿದರು. ಏನೂ ಅನ್ನದಿದ್ದುದೇ ಕಾಕುವಿಗೆ ಚುಚ್ಚಿತು. ಸುದ್ದಿ ತಿಳಿದ ಅವಳ ತವರಿನವರು ಗೇರಿಲ್ಲದ ಒಂದು ಪುಟ್ಟ ಸ್ಕೂಟರು ಕೊಡಿಸಿದರು. ತಿಳಿನೀಲಿ ಬಣ್ಣದ್ದು. ಅಜ್ಜ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಕಟ್ಟೆಯ ಮೇಲೆ ಕೂತರು.

"ನೋಡು ತ್ರಿಶಲಾ, ಹೊತ್ತಿಗೆ ಸರಿಯಾಗಿ ಮನಿಗೆ ಬರ್ತಿ ಅಂದ್ರ ಗಾಡಿ ಇರ್ಲಿ. ಆದ್ರ ಒಂದ ಮಾತು. ಈ ಮನಿ ಹೆಸರಿನ ಮ್ಯಾಲ ಪೋಲೀಸ ಪಾವತಿ ಹರದಾ ಅಂದ್ರ ಮರುದಿನಾನ ಗಾಡಿ ಮಾರೂದು. ಆಮ್ಯಾಲ ಕ್ಲಾಸಿನ ಹೆಸರ ತಗೀಬಾರದು."

"ಆತ್ರಿ ಮಾವಾರ" ಎಂದಳು ಕಾಕು.

ಸ್ಕೂಟರು ಕಲಿಯುವಾಗ ಅವಳು ಬಿದ್ದಳು, ಎದ್ದಳು, ಒಮ್ಮೆ ಬೇಲಿಯೊಳಗೆ ಹೊಕ್ಕಳು. ಹಿಂದೆ ಕೂತು "ಬ್ರೇಕು ಕಾಕು, ಬ್ರೇಕು!" ಎಂದು ಚೀರುವ ಕೆಲಸ ನನ್ನದು. ಕಲಿತ ಮೇಲೆ ಮಾತ್ರ ಅವಳಷ್ಟು ನೇಮದಿಂದ ಓಡಿಸಿದವರು ಎರಡೂ ಊರಲ್ಲಿ ಇರಲಿಕ್ಕಿಲ್ಲ. ಲೈಸನ್ಸು, ಗಾಡಿಯ ಕಾಗದ ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ. ದಾರಿ ಖಾಲಿ ಇದ್ದರೂ ಕೈ ಮಾಡಿಯೇ ತಿರುಗುವುದು. ಎಮ್ಮೆಗೂ ಹಾರ್ನು ಹಾಕಿ, ಅದು ಹೊರಳಿ ನೋಡುವ ತನಕ ಕಾಯುವಳು. ಮಿರಜದಿಂದ ಹೊರಟು ನನ್ನನ್ನು ಕಾಲೇಜಿನಲ್ಲಿ ಇಳಿಸಿ ಕ್ಲಾಸಿಗೆ ಹೋಗುವಳು. ಮರಳುವ ಮೊದಲು ಇಬ್ಬರೂ ಸಾಂಗಲಿಯ ಪೇಟೆಗೆ ಹೋಗಿ ಅಸ್ತರು, ಹುಕ್ಕು, ಲೇಸು ತರುತ್ತಿದ್ದೆವು.

ಅಷ್ಟರಲ್ಲಿ ಪೇಟೆಯಲ್ಲಿ ಗಾಡಿಗಳು ಇರುವೆಯಂತೆ ಮುತ್ತತೊಡಗಿದ್ದವು. ಒಂದು ದಿನ ಹೋಗಿ ನೋಡುತ್ತೇವೆ, ರಸ್ತೆಯ ಒಂದು ಬದಿಗೆ 'ಸಮ' ಎಂಬ ಬೋರ್ಡು, ಎದುರು ಬದಿಗೆ 'ವಿಷಮ', ಅಂದರೆ ಬೆಸ. ಲೇಸಿನ ಅಂಗಡಿಯ ಶೆಟ್ಟರನ್ನು ಕಾಕು ಕೇಳಿದಳು. ಅವರು ಲೇಸು ಅಳೆಯುತ್ತಲೇ, "ಏನಿಲ್ಲಕ್ಕಾ, ಸಮ ದಿನ ಗಾಡಿ ಈ ಬಾಜು ಹಚ್ಚೂದು, ವಿಷಮ ದಿನ ಆ ಬಾಜು" ಎಂದರು.

ಈಗ ನಮ್ಮ ಮನೆಯ ದಿನ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಅಷ್ಟಮಿ, ಚತುರ್ದಶಿಗೆ ಹಸಿರು ಕಾಯಿಪಲ್ಯೆ ಇಲ್ಲ. ಯಾವ ದಿನ ಯಾವ ವ್ರತ, ಯಾರಿಗೆ ಉಪವಾಸ, ಎಲ್ಲವೂ ತಿಥಿಯ ಮೇಲೆ. ಅಜ್ಜ ಎದ್ದ ಕೂಡಲೇ ಪಂಚಾಂಗ ನೋಡಿ "ಇವತ್ತ ಚೌತಿ" ಎಂದು ಕೂಗುವರು, ಕಾಕು ಅಡುಗೆಮನೆಯಿಂದ "ಹೂಂರಿ" ಎನ್ನುವಳು. ಅಲ್ಲಿಗೆ ಆ ದಿನ ಚೌತಿಯಾಯಿತು. ತಾರೀಖು ಎಂಬುದು ಬ್ಯಾಂಕಿಗೆ, ಲೈಟ್ ಬಿಲ್ಲಿಗೆ ಬೇಕಾದ ಸರಕು. ಹೀಗಾಗಿ ಚೌತಿ ಎಂದರೆ ನಾಲ್ಕು, ನಾಲ್ಕು ಎಂದರೆ ಸಮ; ಗಾಡಿ ಸಮದ ಬದಿಗೆ. ಪಂಚಮಿಗೆ ಎದುರು ಬದಿಗೆ. ಕಾಕುವಿಗೆ ಸಂಶಯ ಬರಲಿಲ್ಲ. ಹಿಂದೆ ಕೂತ ಪದವಿಯ ವಿದ್ಯಾರ್ಥಿನಿಗೂ ಬರಲಿಲ್ಲ. ಆ ವಿದ್ಯಾರ್ಥಿನಿಯ ಐಚ್ಛಿಕ ವಿಷಯ ತರ್ಕಶಾಸ್ತ್ರ!

ದೈವದ ಚೇಷ್ಟೆ ನೋಡಿ. ಆ ಶುಕ್ಲಪಕ್ಷದಲ್ಲಿ ತಿಥಿಯೂ ತಾರೀಖೂ ಕೈ ಕೈ ಹಿಡಿದು ನಡೆದವು. ತಿಥಿ ಸಮವಾದ ದಿನ ತಾರೀಖೂ ಸಮ. ನಾವು ಗಾಡಿ ಹಚ್ಚಿದ್ದೆಲ್ಲ ಸರಿಯೇ. ಹವಾಲ್ದಾರನು ಒಮ್ಮೆ ನಮ್ಮನ್ನು ನೋಡಿ ಮೆಚ್ಚಿ ತಲೆಯನ್ನೂ ಆಡಿಸಿದ್ದ. ಆದರೆ ಹುಣ್ಣಿಮೆ ಹದಿನೈದನೆಯ ತಿಥಿ, ವಿಷಮ. ಮರುದಿನ ಪಾಡ್ಯ ಒಂದನೆಯದು, ಅದೂ ವಿಷಮ. ಪಂಚಾಂಗದಲ್ಲಿ ಎರಡು ವಿಷಮಗಳು ಬೆನ್ನಿಗೆ ಬೆನ್ನು ಹಚ್ಚಿ ಬಂದವು. ಸರಕಾರದ ತಾರೀಖು ಮಾತ್ರ ತನ್ನ ಪಾಡಿಗೆ ತಾನು ಸಮಕ್ಕೆ ಹೋಯಿತು.

ಆ ಪಾಡ್ಯದ ಸಂಜೆ ಲೇಸು ಕೊಂಡು ಹೊರಗೆ ಬಂದರೆ ನಮ್ಮ ಗಾಡಿ ನೆಲದ ಮೇಲಿಲ್ಲ. ಪೋಲೀಸರ ಟೆಂಪೋದ ಹತ್ತಿರ ಇಬ್ಬರು ಆಳುಗಳ ಕೈಯಲ್ಲಿ, ಸಂತೆಗೆ ಹೊರಟ ಕರುವಿನಂತೆ ನಾಲ್ಕು ದಿಕ್ಕಿಗೂ ಒದ್ದಾಡುತ್ತ ಮೇಲೇರುತ್ತಿತ್ತು. ಕಾಕು ಓಡಿದವಳೇ ಹ್ಯಾಂಡಲ್ಲಿಗೆ ಜೋತುಬಿದ್ದಳು.

"ಇಳಸ್ರಿ ಅದನ್ನ! ಇವತ್ತ ಪಾಡ್ಯ ಐತಿ!"

ಆಳುಗಳು ಗಾಬರಿಯಾಗಿ ಗಾಡಿ ಇಳಿಸಿದರು. ಪಾಡ್ಯದ ದಿನ ಗಾಡಿ ಎತ್ತಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದುಕೊಂಡರೋ ಏನೋ. ಹವಾಲ್ದಾರನು ಮರಾಠಿಯಲ್ಲಿ ಗದರಿಸುತ್ತ ಬಂದವನು ಕಾಕುವಿನ ಬಾಯಲ್ಲಿ ಕನ್ನಡ ಕೇಳಿ ತಾನೂ ಕನ್ನಡಕ್ಕೆ ಇಳಿದ. ಅವನು ಗಡಿಯ ಹತ್ತಿರದ ಆರಗ ಹಳ್ಳಿಯವನಂತೆ.

"ಅಕ್ಕಾರ, ಪಾಡ್ಯಕ್ಕೂ ಪಾರ್ಕಿಂಗಿಗೂ ಏನ ಸಂಬಂಧರಿ?"

ಕಾಕು ವಿವರಿಸಿದಳು. ಅವನು ಕೇಳುತ್ತ ಕೇಳುತ್ತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಮಂದಿ ನೆರೆದಿತ್ತು. ಶೆಟ್ಟರು ಅಂಗಡಿಯಿಂದ ಕ್ಯಾಲೆಂಡರನ್ನೇ ಕಿತ್ತು ತಂದು, "ಪಾಡ್ಯ ಅಂತೂ ಖರೇನ ಐತಿ" ಎಂದು ಸಾಕ್ಷಿ ಹೇಳಿದರು.

"ಪಾಡ್ಯ ಖರೆ, ಪಾವತೀನೂ ಖರೆ" ಎಂದ ಹವಾಲ್ದಾರ. "ಬೋರ್ಡು ತಾರೀಖಿನ ಮ್ಯಾಲ ನಡೀತೈತ್ರಿ, ನಾ ಆಗಲೇ ಬರದೇನ್ರಿ. ಬರದದ್ದು ಹರೀಬೇಕಾಗ್ತೈತಿ."

ಕಾಕುವಿನ ಮುಖ ಬಿಳಿಚಿತು. ಗಾಡಿ ಹೋದರೆ ಏನು ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಗ್ಯಾರೇಜು, ಆ ನಗು, ಕೊರಳಿನ ಆ ಟೇಪು. ಆದರೂ ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಲೇಸಿನ ಅಂಗಡಿಯಲ್ಲಿ ನಿಂತವಳ ಹಾಗೆಯೇ ಕೇಳಿದಳು:

"ಸಾಹೇಬ್ರ, ಇದ್ರಾಗ ಎಷ್ಟ ನಮೂನಿ ಇರ್ತಾವ್ರಿ?"

ಜನ್ಮದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಹಿಗ್ಗಿ ಹೇಳತೊಡಗಿದ. "ನಿಂತ ಗಾಡಿದು ಒಂದು ನಮೂನಿ, ಓಡೂ ಗಾಡಿದು ಒಂದು ನಮೂನಿರಿ. ನಿಂತದ್ದು ಸಣ್ಣದು. ಇಲ್ಲೇ ದಂಡ ಕಟ್ಟೂದು, ಇಲ್ಲೇ ಮುಗೀತು. ಒನ್‌ವೇದಾಗ ನುಗ್ಗಿದ್ರ, ಮೂರು ಮಂದಿ ಟ್ರಿಪಲ್ ಸೀಟ ಕುಂತ್ರ ಜರಾ ದೊಡ್ಡದು. ಲೈಸನ್ಸ ಮನ್ಯಾಗ ಬಿಟ್ಟ ಬಂದ್ರ ತಂದು ತೋರಸೂತನಕ ಗಾಡಿ ಚೌಕ್ಯಾಗ. ದಂಡ ಕಟ್ಟೂದಿಲ್ಲ, ನಂದೇನೂ ತಪ್ಪಿಲ್ಲ ಅಂದ್ರ ಕೋರ್ಟಿನ ಪಾವತಿ. ತಾರೀಖಿಗೆ ಹೋಗಿ ನಿಂದ್ರಬೇಕು. ಕುಡದು ಗಾಡಿ ಹೊಡದ್ರ, ಯಾರಿಗರೆ ಬಡದ್ರ, ಅದು ಪಾವತೀನ ಅಲ್ಲ ಬಿಡ್ರಿ, ಅದು ಖಟ್ಲೆ."

"ಅಂದ್ರ ನಂದು ಎಲ್ಲಾಕಿಂತ ಸಣ್ಣದು?"

"ಎಲ್ಲಾಕಿಂತ ಸಣ್ಣದು. ಮನಿಗೆ ಟಪಾಲ ಸುದ್ದಾ ಬರೂದಿಲ್ಲ."

ಮನೆಗೆ ಏನೂ ಬರುವುದಿಲ್ಲ! ನನಗೆ ಹೋದ ಜೀವ ಬಂದಂತಾಯಿತು. ಕಾಕು ದಂಡ ಕಟ್ಟಿದಳು, ಹವಾಲ್ದಾರ ಪಾವತಿ ಹರಿದು ಕೊಟ್ಟ. ದಾರಿಯುದ್ದಕ್ಕೂ ಹಿಂದಿನಿಂದ ಅವಳ ಕಿವಿಯಲ್ಲಿ ಊದಿದೆ, "ಹೇಳಬ್ಯಾಡ ಕಾಕು, ಯಾರಿಗೆ ಗೊತ್ತಾಗ್ತೈತಿ?" ಅವಳು ಎಂದಿನಂತೆ ಕೈ ಮಾಡಿ ಮಾಡಿ ತಿರುಗುತ್ತ ಗಾಡಿ ಓಡಿಸಿದಳು. ಮನೆಗೆ ಹೋಗಿ ಕೈಕಾಲು ತೊಳೆದು, ಹೊತ್ತು ಮುಳುಗುವ ಮೊದಲೇ ಅಜ್ಜನಿಗೆ ಬಡಿಸಿದಳು. ಅವರು ಉಂಡು ಕೈ ತೊಳೆದ ಮೇಲೆ ಪಾವತಿಯನ್ನು ಎದುರಿಗೆ ಇಟ್ಟು ನಿಂತಳು.

ಅಜ್ಜ ಅದನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಏನ ಮಾಡಿದ್ದಿ?"

"ಗಾಡಿ ವಿಷಮದ ಬದಿ ಹಚ್ಚಿದ್ನಿರಿ. ಸಮದ ಬದಿ ಹಚ್ಚಬೇಕಿತ್ತಂತ."

ಅಜ್ಜ ಹುಬ್ಬು ಗಂಟಿಕ್ಕಿದರು. "ಇವತ್ತ ಪಾಡ್ಯ ಅಲ್ಲ?"

"ಹೂಂರಿ."

"ಮತ್ತ? ವಿಷಮಾನ ಆತಲ್ಲ?"

"ನಾನೂ ಹಂಗ ಅಂದ್ನಿರಿ."

ಅಜ್ಜ ಎದ್ದು ನಿಂತರು. ಅವರ ಮುಖ ಕೆಂಪಾದದ್ದನ್ನು ನೋಡಿ ನಾನು ಕಂಬದ ಹಿಂದೆ ಸರಿದೆ. ಸಿಟ್ಟು ಮಾತ್ರ ಬೇರೆ ಕಡೆ ಹೊರಳಿತು. "ತಿಥಿ ಬರೋಬ್ಬರಿ ನೋಡಿ ಗಾಡಿ ಹಚ್ಚ್ಯಾಳ ನನ್ನ ಸೊಸಿ! ಇದು ಅನ್ಯಾಯ. ನಾಳೆ ನಾನ ಬರ್ತೇನಿ. ಪಾವತಿ ತಪ್ಪಂತ ಆದ್ರ ಗಾಡಿ ಉಳೀತು. ಖರೆ ಅಂತ ಆದ್ರ ನಾ ಆಡಿದ ಮಾತ ಆಡಿದ್ದಾ. ಗಾಡಿ ಹೋತು."

ಮರುದಿನ ಅಜ್ಜ ಗರಿಗರಿ ಧೋತರ, ಕರಿ ಟೊಪ್ಪಿಗೆ, ಬಗಲಲ್ಲಿ ಪಂಚಾಂಗ ಹಿಡಿದು ಸಿದ್ಧರಾದರು. ಸಾಕ್ಷಿಗೆಂದು ನಾನೂ ಬರಬೇಕಂತೆ. ಕಾಕು ಅನುಮಾನಿಸಿ, "ಮಾವಾರ, ಮೂರು ಮಂದಿ ಕುಂದ್ರಬಾರದಂತ್ರಿ" ಎಂದಳು. "ಸತ್ಯ ಹೇಳಾಕ ಹೊಂಟೇವಿ, ಕುಂದ್ರು" ಎಂದರು ಅಜ್ಜ. ಮುಂದೆ ಕಾಕು, ನಡುವೆ ನಾನು, ಹಿಂದೆ ಅಜ್ಜ. ಜನ್ಮದಲ್ಲಿ ಮೊದಲ ಸಲ ಅವರು ಸ್ಕೂಟರು ಏರಿದ್ದರು. ಮೊದಲು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದವರು, ಊರು ದಾಟುವಷ್ಟರಲ್ಲಿ ಹಿಡಿತ ಸಡಿಲಿಸಿದರು. ವಿಶ್ರಾಮಬಾಗದ ಹತ್ತಿರ "ಹೇ, ಈ ಕಟ್ಟಡ ಯಾವಾಗ ಎದ್ದೂವು?" ಎಂದು ಆಚೆ ಈಚೆ ಕೈ ಮಾಡತೊಡಗಿದರು. ಸಾಂಗಲಿ ಮುಟ್ಟುವ ಹೊತ್ತಿಗೆ ಮುಂದಿನ ಟೆಂಪೋವನ್ನು ಹಿಂದೆ ಹಾಕಲು ಕಾಕುವಿಗೆ ಹುರುಪು ತುಂಬುತ್ತಿದ್ದರು.

ನೇರವಾಗಿ ಹವಾಲ್ದಾರನ ಎದುರಿಗೇ ಹೋಗಿ ಗಾಡಿ ನಿಲ್ಲಿಸಿದೆವು. ಅಜ್ಜ ಇಳಿದು ಪಂಚಾಂಗ ತೆರೆದರು.

"ನೋಡಪಾ, ಹುಣ್ಣಿವಿ ವಿಷಮ, ಪಾಡ್ಯ ವಿಷಮ. ಎರಡು ಸೇರಿ ಬಂದ್ರ ಲೆಕ್ಕ ತಪ್ಪತೈತಿ ಅಂತೀಯೇನು? ಹಂಗಾರ ನಿಮ್ಮ ತಾರೀಖಿನಾಗ ಮೂವತ್ತೊಂದ ಆದ ಮ್ಯಾಲ ಒಂದ ಬರ್ತೈತಿ. ಅವೂ ಎರಡೂ ವಿಷಮಾನ. ಅದಕ್ಕೇನಂತಿ?"

ಮಂದಿ "ಭಲೇ ಅಜ್ಜಾರ!" ಎಂದಿತು. ಕಾಕುವಿನ ಕಣ್ಣಲ್ಲಿ ಬೆಳಕು ಮೂಡಿತು. ನಾನಂತೂ ಚಪ್ಪಾಳೆ ತಟ್ಟಿದೆ.

ಹವಾಲ್ದಾರನು ಮೆಲ್ಲಗೆ ಕೇಳಿದ. "ಅಜ್ಜಾರ, ಒಂದ ಹೇಳ್ರಿ. ನಮ್ಮವ್ವನೂ ತಿಥಿ ನೋಡಾಕಿನ. ಒಂದೊಂದ ದಿನ ತಿಥಿ ಮಧ್ಯಾಹ್ನಕ್ಕ ಮುಗದು ಮುಂದಿಂದು ಹತ್ತತೈತಿ ಹೌದಲ್ರಿ? ಅವಾಗ ನಾ ಸೀಟಿ ಊದಿ, ಈ ಬದಿ ಗಾಡಿ ಎಲ್ಲಾ ಎತ್ತಿ ಆ ಬದಿ ಇಡ್ರಪಾ ಅಂತ ಹೇಳ್ಲ್ಯಾ?"

ಪೇಟೆಯೇ ನಕ್ಕಿತು. ಅಜ್ಜ ನಗಲಿಲ್ಲ. ತಿಥಿ ಯಾವ ಗಳಿಗೆಯಲ್ಲಿ ಬೇಕಾದರೂ ಬದಲಾಗುತ್ತದೆ ಎಂಬುದು ಆ ಪೇಟೆಯಲ್ಲಿ ಅವರಷ್ಟು ಯಾರಿಗೂ ಗೊತ್ತಿರಲಿಲ್ಲ. ಪಂಚಾಂಗ ಮುಚ್ಚಿ, "ಖರೆ ಐತಿ ನಿನ್ನ ಮಾತು" ಎಂದರು.

"ಇನ್ನೊಂದೈತ್ರಿ ಅಜ್ಜಾರ" ಎಂದು ಹವಾಲ್ದಾರ ಸಂಕೋಚದಿಂದ ಪುಸ್ತಕ ತೆಗೆದ. "ನೀವು ಟ್ರಿಪಲ್ ಸೀಟ ಬಂದ್ರಿ. ನನ್ನ ಮುಂದನ ಬಂದ್ರಿ. ಇಷ್ಟ ಮಂದಿ ನೋಡ್ಯಾರ, ನಾ ಏನ ಮಾಡ್ಲಿ?"

"ನನ್ನ ಹೆಸರಿಗೆ ಬರಿ. ಕುಂದ್ರು ಅಂದಾವ ನಾನು."

"ಗಾಡಿ ಹೊಡಿಯೋರ ಹೆಸರಿಗೇ ಬರೀಬೇಕ್ರಿ."

"ಹಂಗಾರ ಬಾಜೂಕ ಬರಿ: ಮಾವನ ಮಾತ ಕೇಳಿ ಕೆಟ್ಟಾಳ ಅಂತ."

ಚರ್ ಎಂದು ಹಾಳೆ ಹರಿಯಿತು. ಅಜ್ಜ ದಂಡ ಕಟ್ಟಿ ಪಾವತಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಒಂದರ ವಿಷಯ ಬಗೆಹರಿಸಲು ಬಂದು ಎರಡಾಗಿತ್ತು. ಕಾಕು ಗಾಡಿಯಿಂದ ಕೀಲಿ ತೆಗೆದು ಸೆರಗಿನಿಂದ ಒಮ್ಮೆ ಒರೆಸಿ ಅಜ್ಜನ ಎದುರು ಹಿಡಿದಳು. ನನಗೆ ಅಳುವೇ ಬಂತು.

"ತಗೋರಿ ಮಾವಾರ. ನಿಮ್ಮ ಮಾತ ನಡೀಲಿ."

ಅಜ್ಜ ಕೀಲಿಯನ್ನು ನೋಡಿದರು, ಸೊಸೆಯನ್ನು ನೋಡಿದರು.

"ಇದನ್ನ ತಗೊಂಡ ನಾ ಏನ ಮಾಡ್ಲಿ? ನನಗ ಹೊಡಿಯಾಕ ಬರ್ತೈತೇನು? ಪಾವತಿ ಬಂದದ್ದು ನಿನಗಲ್ಲ ತ್ರಿಶಲಾ. ಒಂದು ನನ್ನ ಪಂಚಾಂಗಕ್ಕ ಬಂತು, ಒಂದು ನನ್ನ ಹಟಕ್ಕ ಬಂತು. ಎರಡೂ ನನ್ನವು. ನಾಳೆ ಕ್ಲಾಸೈತಿಲ್ಲ ನಿಂದು? ನಡಿ, ಚಾಲೂ ಮಾಡು. ಹೊತ್ತ ಮುಳಗೂದ್ರಾಗ ಊಟ ಆಗಬೇಕು."

ಕಾಕು ಅಳುತ್ತ ನಗುತ್ತ ಗಾಡಿ ಚಾಲೂ ಮಾಡಿದಳು. ಅಜ್ಜ ಧೋತರ ಎತ್ತಿ ಹಿಂದೆ ಕೂತು, ಟೊಪ್ಪಿಗೆ ಬಿಗಿದುಕೊಂಡರು. ನಾನೂ ಖುಷಿಯಿಂದ ಓಡಿ ಒಂದು ಕಾಲು ಎತ್ತಿದೆ. ಅಜ್ಜ ಕೈ ಅಡ್ಡ ಹಿಡಿದರು.

"ನೀ ಎಲ್ಲಿ ಏರತಿ? ಬಸ್ಸಿಗೆ ಬಾ ತಂಗಿ. ಕಾಯ್ದೆ ಅಂದ್ರ ಕಾಯ್ದೆ."